ಕಾವಲು ನಿಂತವರ ಮನೆ



ಕಲ್ಯಾಣದ ಶರಣರ ಸಮೂಹದಲ್ಲಿ ದೋಣಿ ನಡೆಸುವವರಿದ್ದರು, ಹಗ್ಗ ಹೊಸೆಯುವವರಿದ್ದರು, ಬಟ್ಟೆ ಮಡಿ ಮಾಡುವವರಿದ್ದರು, ಅಂಗಳ ಗುಡಿಸುವವರಿದ್ದರು. ಅವರ ನಡುವೆ ಊರು ಕಾಯುವ ಕಾಯಕದವರೊಬ್ಬರೂ ಇದ್ದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರೇ ತಳವಾರ ಕಾಮಿದೇವ ಶರಣರು. ಅವರ ವಚನಗಳು ನಮಗೆ ದೊರೆತಿರುವುದು ಕೆಲವೇ. ಆದರೆ ತಳವಾರಿಕೆಯೂ ಒಂದು ಕಾಯಕ, ಅದೂ ಲಿಂಗಾರ್ಪಿತವಾಗಬಲ್ಲದು ಎಂಬುದಕ್ಕೆ ಅವರ ಹೆಸರೇ ಸಾಕ್ಷಿ.

ಕಾವಲಿನ ಕಾಯಕಕ್ಕೆ ಒಂದು ವಿಶೇಷವಿದೆ. ನೇಕಾರ ತಾನು ನೇಯ್ದ ಸೀರೆಯನ್ನು ತೋರಿಸಬಲ್ಲ, ಒಕ್ಕಲಿಗ ರಾಶಿಯನ್ನು ತೋರಿಸಬಲ್ಲ. ಕಾವಲುಗಾರ ಏನನ್ನು ತೋರಿಸಬೇಕು? ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ ರಾತ್ರಿ ಊರಿನಲ್ಲಿ ಏನೂ ನಡೆಯುವುದಿಲ್ಲ. ಏನೂ ನಡೆಯದ ರಾತ್ರಿಗೆ ಕೃತಜ್ಞತೆ ಹೇಳುವ ರೂಢಿ ಲೋಕದಲ್ಲಿಲ್ಲ. ಇನ್ನೊಂದು ಮಾತು: ಕಾವಲುಗಾರ ಎಚ್ಚರವಾಗಿದ್ದಾಗ ಅವನ ಮನೆಯೂ ಎಚ್ಚರವಾಗಿರುತ್ತದೆ. ಸಂಬಳದ ಪಟ್ಟಿಯಲ್ಲಿರುವುದು ಒಬ್ಬರ ಹೆಸರು. ಕಾವಲು ಕಾಯುವುದು ಇಡೀ ಸಂಸಾರ. ಈ ತಿಂಗಳು ನಾವು ವಿಚಾರ ಮಾಡಬೇಕಾಗಿರುವುದು ಆ ಸಂಸಾರದ ಸ್ವಾಸ್ಥ್ಯವನ್ನು ಕುರಿತು.

ನಾರಾವಿಯ ಕಾಡಂಚಿನಲ್ಲಿ

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗುರುವಾಯನಕೆರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ನಾರಾವಿ ಎಂಬ ಊರಿದೆ. ಸೂರ್ಯನಾರಾಯಣ ದೇವಸ್ಥಾನದಿಂದ ಹೆಸರಾದ ಊರದು. ಒಂದು ಕಡೆ ಅಡಿಕೆ ತೋಟಗಳು, ಇನ್ನೊಂದು ಕಡೆ ಕುದುರೆಮುಖದ ದಟ್ಟ ಅರಣ್ಯ. ಪಕ್ಕದ ಕುತ್ಲೂರು ಗ್ರಾಮದ ಕಾಡಿನಲ್ಲಿ ಮಲೆಕುಡಿಯರ ಮನೆಗಳಿವೆ. ಗಡಿ ದಾಟಿದರೆ ಕಾರ್ಕಳ ತಾಲ್ಲೂಕಿನ ಈದು ಗ್ರಾಮ. 2003ರ ನವೆಂಬರ್‌ನಲ್ಲಿ ಆ ಈದು ಗ್ರಾಮದಲ್ಲಿ ಪೊಲೀಸರಿಗೂ ನಕ್ಸಲೀಯರಿಗೂ ಗುಂಡಿನ ಚಕಮಕಿ ನಡೆದು ಇಬ್ಬರು ಯುವತಿಯರು ಸತ್ತರು. ಅಲ್ಲಿಂದ ಮುಂದೆ ಎರಡು ದಶಕಗಳ ಕಾಲ ಆ ಕಾಡಂಚಿನ ಜನ ನೆಮ್ಮದಿಯ ನಿದ್ದೆ ಕಂಡದ್ದು ಕಡಿಮೆ.

ನಕ್ಸಲ್ ನಿಗ್ರಹ ದಳವು ಕಾರ್ಕಳವನ್ನು ಕೇಂದ್ರವಾಗಿಟ್ಟುಕೊಂಡು ಕೆಲಸ ಮಾಡಿತು. ಆ ದಳದಲ್ಲಿದ್ದವರೆಲ್ಲ ಕರಾವಳಿಯವರಲ್ಲ. ರಾಜ್ಯದ ನಾನಾ ಜಿಲ್ಲೆಗಳಿಂದ, ನಮ್ಮ ಉತ್ತರ ಕರ್ನಾಟಕದ ಬಯಲುಸೀಮೆಯಿಂದಲೂ ಅಲ್ಲಿಗೆ ನಿಯೋಜನೆಗೊಂಡವರುಂಟು. ಜೋಳದ ಹೊಲದಲ್ಲಿ ಬೆಳೆದ ಹುಡುಗರು ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ, ಜಿಗಣೆಗಳ ನಡುವೆ, ತಿಳಿಯದ ತುಳು ಭಾಷೆಯ ಊರುಗಳಲ್ಲಿ ಬಂದೂಕು ಹೊತ್ತು ನಡೆದರು. ಮನೆಯವರು ನೂರಾರು ಮೈಲಿ ದೂರದಲ್ಲಿದ್ದರು. ಕಾಡಿನೊಳಗೆ ಫೋನಿನ ಸಂಪರ್ಕ ದೊರೆಯದ ದಿನಗಳಲ್ಲಿ ಊರಿನಲ್ಲಿದ್ದ ಹೆಂಡತಿಗೆ ಸುದ್ದಿಯ ದಾರಿಯೆಂದರೆ ದೂರದರ್ಶನ ಒಂದೇ. ಅದರಲ್ಲಿ ಗುಂಡಿನ ಚಕಮಕಿ ಎಂಬ ಮಾತು ಕೇಳಿದೊಡನೆ, ಹೆಸರು ತಿಳಿಯುವವರೆಗೆ ಆ ಮನೆಯ ಒಲೆ ಹೇಗೆ ಉರಿಯಬೇಕು?

2011ರ ಅಕ್ಟೋಬರ್‌ನಲ್ಲಿ ಇದೇ ಬೆಳ್ತಂಗಡಿ ತಾಲ್ಲೂಕಿನ ಸವಣಾಲಿನ ಕಾಡಿನಲ್ಲಿ ದಳದ ಪೇದೆಯೊಬ್ಬರು ಕಾರ್ಯಾಚರಣೆಯ ವೇಳೆ ಪ್ರಾಣ ಕಳೆದುಕೊಂಡರು. ಅಂಥ ಸುದ್ದಿ ಒಂದು ಮನೆಗೆ ತಲುಪಿದರೂ, ಮುಂದಿನದು ನಮ್ಮ ಮನೆಯೋ ಎಂಬ ಅಂಜಿಕೆ ದಳದಲ್ಲಿದ್ದವರ ಮನೆಮನೆಗೂ ತಲುಪುತ್ತದೆ.

ಅಂಜಿಕೆ ಒಂದು ಕಡೆಯದಷ್ಟೇ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕುತ್ಲೂರಿನ ವಿದ್ಯಾರ್ಥಿಯೊಬ್ಬರು ತಂದೆಯೊಡನೆ 2012ರಲ್ಲಿ ಬಂಧನಕ್ಕೊಳಗಾಗಿ, 2021ರಲ್ಲಿ ನ್ಯಾಯಾಲಯದಿಂದ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಆ ಒಂಬತ್ತು ವರ್ಷಗಳಲ್ಲಿ ಆ ಮನೆ ಅನುಭವಿಸಿದ್ದೂ ಸಂಕಟವೇ. ದಯೆಯನ್ನು ಧರ್ಮದ ಬೇರೆಂದು ತಿಳಿದ ನಾವು ಒಂದು ಮನೆಯ ದುಃಖವನ್ನು ಎತ್ತಿ ಹೇಳುವಾಗ ಇನ್ನೊಂದು ಮನೆಯ ದುಃಖವನ್ನು ಮುಚ್ಚಿಡಲಾಗದು.

2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಗುಂಡಿಗೆ ಬಲಿಯಾದರು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಆರು ಮಂದಿ ನಕ್ಸಲೀಯರು ಶರಣಾದರು. ಅವರಲ್ಲಿ ಕುತ್ಲೂರಿನ ಮಗಳು ಸುಂದರಿಯೂ ಒಬ್ಬರು. ಅದೇ ವರ್ಷದ ಜೂನ್‌ನಲ್ಲಿ ನಕ್ಸಲ್ ನಿಗ್ರಹ ದಳದ ಸಿಬ್ಬಂದಿಯನ್ನು ಆರಿಸಿಕೊಂಡು, ಕೋಮುಗಲಭೆ ತಡೆಯುವುದಕ್ಕಾಗಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆ ವಿಶೇಷ ಕಾರ್ಯಪಡೆಯನ್ನು ರಚಿಸಲಾಯಿತು. ಕಾಡಿನ ಕಾವಲು ಮುಗಿಯಿತು ಎನ್ನುವಷ್ಟರಲ್ಲಿ ಹಲವರಿಗೆ ಪೇಟೆಯ ಕಾವಲು ಆರಂಭವಾಯಿತು.

ಶರಣಾದವರಿಗೆ ಸರ್ಕಾರ ಪುನರ್ವಸತಿಯ ಯೋಜನೆ ರೂಪಿಸಿದೆ. ಅದು ಸರಿಯಾದ ನಡೆ; ದಾರಿ ತಪ್ಪಿದವರು ಮನೆಗೆ ಮರಳಲು ಊರುಗೋಲು ಬೇಕು. ಆದರೆ ಅದೇ ಕಾಡಿನಲ್ಲಿ ಎದುರು ಬದಿಗೆ ನಿಂತಿದ್ದವರೂ ಮನೆಗೆ ಮರಳಬೇಕಲ್ಲವೇ? ನೌಕರಿಯಲ್ಲಿದ್ದಾರೆ, ಸಂಬಳ ಬರುತ್ತಿದೆ, ಅವರಿಗೇಕೆ ಪುನರ್ವಸತಿ ಎಂದು ನಾವು ಭಾವಿಸುತ್ತೇವೆ. ದೇಹ ಮನೆಗೆ ಬಂದ ದಿನವೇ ಮನಸ್ಸೂ ಬರುತ್ತದೆ ಎಂಬ ನಂಬಿಕೆ ನಮ್ಮದು. ಆ ನಂಬಿಕೆ ಸರಿಯಲ್ಲ.

ಮನೆಯೊಳಗಿನ ಪಾಳಿ

ಕಾಡಿನ ದಳದ ಮಾತು ಬದಿಗಿರಲಿ, ಸಾಮಾನ್ಯ ಠಾಣೆಯ ಸ್ಥಿತಿಯನ್ನೇ ನೋಡೋಣ. ಕೇಂದ್ರ ಸರ್ಕಾರದ ಪೊಲೀಸ್ ಸಂಶೋಧನಾ ಸಂಸ್ಥೆಗಾಗಿ ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜು 2014ರಲ್ಲಿ ಒಂದು ಅಧ್ಯಯನ ನಡೆಸಿತು. ದೇಶದ ಠಾಣೆಗಳ ಸಿಬ್ಬಂದಿಯಲ್ಲಿ ಶೇಕಡಾ 90ರಷ್ಟು ಮಂದಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯುತ್ತಾರೆಂದು ಅದರಿಂದ ತಿಳಿದುಬಂತು. ತಮ್ಮ ಸಿಬ್ಬಂದಿ 11 ಗಂಟೆ ಅಥವಾ ಅದಕ್ಕೂ ಹೆಚ್ಚು ಕೆಲಸ ಮಾಡುತ್ತಾರೆಂದು ಠಾಣಾಧಿಕಾರಿಗಳಲ್ಲಿ ಶೇಕಡಾ 68ಕ್ಕೂ ಹೆಚ್ಚು ಮಂದಿ ಹೇಳಿದರು. ತಿಂಗಳಿಗೊಮ್ಮೆಯೂ ವಾರದ ರಜೆ ದೊರೆಯುವುದಿಲ್ಲವೆಂದವರೂ ಬಹುಮಂದಿ. 2019ರಲ್ಲಿ ಪ್ರಕಟವಾದ ಇನ್ನೊಂದು ದೇಶವ್ಯಾಪಿ ವರದಿಯಲ್ಲಿ, ಕೆಲಸದ ಹೊರೆ ತಮ್ಮ ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಕೆಡಿಸುತ್ತಿದೆ ಎಂದು ನಾಲ್ವರಲ್ಲಿ ಮೂವರು ಪೊಲೀಸರು ಹೇಳಿದ್ದರು.

ಈ ಗಂಟೆಗಳ ಲೆಕ್ಕವನ್ನು ಮನೆಯ ಭಾಷೆಗೆ ತಿರುಗಿಸಿ ನೋಡಿ. ಮಕ್ಕಳು ಏಳುವ ಮೊದಲು ಹೋದ ತಂದೆ ಅವರು ಮಲಗಿದ ಮೇಲೆ ಬರುತ್ತಾನೆ. ಜಾತ್ರೆ, ಗಣೇಶನ ಹಬ್ಬ, ದೀಪಾವಳಿ, ಚುನಾವಣೆ ಇವೆಲ್ಲ ಲೋಕಕ್ಕೆ ಸಡಗರವಾದರೆ ಆ ಮನೆಗೆ ಬಂದೋಬಸ್ತು. ಬಸವ ಜಯಂತಿಯ ಮೆರವಣಿಗೆಯಲ್ಲಿ ನಾವೆಲ್ಲ ಮಕ್ಕಳ ಕೈ ಹಿಡಿದು ನಡೆಯುವಾಗ, ರಸ್ತೆಯ ಬದಿಯಲ್ಲಿ ಲಾಠಿ ಹಿಡಿದು ನಿಂತವನ ಮಗು ಯಾರ ಕೈ ಹಿಡಿದಿದೆ ಎಂದು ಎಂದಾದರೂ ಯೋಚಿಸಿದ್ದೇವೆಯೇ?

ಹೊತ್ತಿಲ್ಲದ ಹೊತ್ತಿನ ಊಟ, ಅರೆನಿದ್ದೆ, ಗಂಟೆಗಟ್ಟಲೆ ನಿಲ್ಲುವುದು, ಇವುಗಳಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಉರಿ ಬರುತ್ತವೆ. ಇವು ವೈದ್ಯರ ಕಣ್ಣಿಗೆ ಕಾಣುವ ರೋಗಗಳು. ಕಾಣದವೂ ಇವೆ. ಅಪಘಾತದಲ್ಲಿ ಛಿದ್ರವಾದ ದೇಹವನ್ನು ಎತ್ತಿ ಬಂದವನು ಮನೆಯಲ್ಲಿ ಅದನ್ನು ಹೇಳುವುದಿಲ್ಲ. ಹೇಳಿದರೆ ಮನೆಯವರು ಹೆದರುತ್ತಾರೆಂದು ನುಂಗಿಕೊಳ್ಳುತ್ತಾನೆ. ನುಂಗಿದ್ದು ಸಿಟ್ಟಾಗಿ ಹೊರಬರುತ್ತದೆ, ಇಲ್ಲವೇ ಮೌನವಾಗಿ ಕೂರುತ್ತದೆ, ಕೆಲವರಲ್ಲಿ ಕುಡಿತಕ್ಕೆ ದಾರಿ ಮಾಡುತ್ತದೆ. ಹೊರಗೆ ಮೇಲಧಿಕಾರಿಗಳಿಂದ ಬೈಸಿಕೊಂಡ ಕಹಿ ಒಳಗೆ ಹೆಂಡತಿಯ ಪಾಲಿಗೆ ಬರುತ್ತದೆ. ಬೈಕಿನ ಸದ್ದು ಕೇಳಿದೊಡನೆ ಅಪ್ಪನ ಮುಖ ಇಂದು ಹೇಗಿದೆಯೋ ಎಂದು ಅಳೆಯಲು ಮಗು ಕಲಿಯುತ್ತದೆ.

ಹೆಣ್ಣುಮಕ್ಕಳು ಪೊಲೀಸರಾಗಿರುವ ಮನೆಗಳ ಕಷ್ಟ ಇನ್ನೊಂದು ಬಗೆಯದು. ರಾತ್ರಿ ಪಾಳಿ ಮುಗಿಸಿ ಬಂದ ಸೊಸೆ ಬೆಳಗಿನ ರೊಟ್ಟಿಗೆ ನಿಲ್ಲಬೇಕೆಂದು ಬಯಸುವ ಅತ್ತೆಯಂದಿರು ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. ಠಾಣೆಯ ಪಾಳಿಗೆ ಕೊನೆಯುಂಟು. ಮನೆಯ ಪಾಳಿಗೆ ಕೊನೆಯಿಲ್ಲ.

2016ರ ಜುಲೈ ತಿಂಗಳ ಒಂದೇ ವಾರದಲ್ಲಿ ನಮ್ಮ ರಾಜ್ಯದ ಇಬ್ಬರು ಡಿವೈಎಸ್‌ಪಿಗಳು ಆತ್ಮಹತ್ಯೆ ಮಾಡಿಕೊಂಡಾಗ ಇಡೀ ನಾಡು ಬೆಚ್ಚಿತು. ಆ ಘಟನೆಗಳ ಕಾರಣಗಳನ್ನು ಚರ್ಚಿಸುವ ಸ್ಥಳ ಇದಲ್ಲ. ಕೈಯಲ್ಲಿ ಅಧಿಕಾರವಿದ್ದವರೂ ಒಳಗೆ ಒಂಟಿಯಾಗಿರಬಹುದೆಂಬ ಪಾಠವನ್ನು ಮಾತ್ರ ಅವು ಕಲಿಸಿದವು.

ಇರುವ ನೆರವು, ಇಲ್ಲದ ನೆರವು

ಸರ್ಕಾರ ಏನೂ ಮಾಡಿಲ್ಲವೆಂದರೆ ಅದು ಅನ್ಯಾಯದ ಮಾತಾಗುತ್ತದೆ. ಪೊಲೀಸರಿಗೂ ಅವರ ಅವಲಂಬಿತರಿಗೂ ಹಣ ಕಟ್ಟದೆ ಚಿಕಿತ್ಸೆ ಪಡೆಯಲು ಆರೋಗ್ಯ ಭಾಗ್ಯ ಯೋಜನೆಯಿದೆ. ಪ್ರತಿವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನ ಆಚರಿಸಿ, ಧ್ವಜಗಳ ಮಾರಾಟದಿಂದ ಬಂದ ಹಣವನ್ನು ಪೊಲೀಸರ ಮತ್ತು ನಿವೃತ್ತರ ಕ್ಷೇಮಕ್ಕೆ ವಿನಿಯೋಗಿಸುತ್ತಾರೆ. 1965ರ ಅದೇ ದಿನ ನಮ್ಮ ರಾಜ್ಯದ ಪೊಲೀಸ್ ಕಾಯಿದೆ ಜಾರಿಗೆ ಬಂದಿತು. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀ ಸೈನಿಕರ ಗುಂಡಿಗೆ ಬಲಿಯಾದ ಹತ್ತು ಮಂದಿ ಪೊಲೀಸರ ನೆನಪಿಗೆ ಪ್ರತಿವರ್ಷ ಆ ದಿನ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಇಲಾಖೆಯು ಯೋಗ ಶಿಬಿರ, ಆರೋಗ್ಯ ತಪಾಸಣೆಗಳನ್ನೂ ನಡೆಸುತ್ತದೆ.

ಮನಸ್ಸಿನ ಚಿಕಿತ್ಸೆಯ ವಿಷಯದಲ್ಲಿ ನಮ್ಮ ನಾಡು ದೇಶಕ್ಕೇ ದಾರಿ ತೋರಿದೆ. ಮಾನಸಿಕ ಆರೋಗ್ಯ ಸೇವೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕೈಗೊಂಡಿತು. ಮುಂದೆ ಅದೇ ರಾಷ್ಟ್ರಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಕರೆ ಮಾಡಬಹುದು. ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ಮನೆಯವರೂ ಗೋಡೆಯ ಪಂಚಾಂಗದ ಮೇಲೆ ಬರೆದಿಟ್ಟುಕೊಳ್ಳಬೇಕು.

ಹಾಗಾದರೆ ಕೊರತೆಯೆಲ್ಲಿ? ಶಿಬಿರಗಳು ಹೆಚ್ಚಾಗಿ ಸಮವಸ್ತ್ರ ತೊಟ್ಟವರಿಗಾಗಿ, ಅವರು ಕೆಲಸ ಮಾಡುವ ಊರಿನಲ್ಲಿ ನಡೆಯುತ್ತವೆ. ಕಾರ್ಕಳದಲ್ಲಿ ದುಡಿಯುವವನ ಹೆಂಡತಿ ಬಾಗಲಕೋಟೆಯ ಹಳ್ಳಿಯಲ್ಲಿದ್ದರೆ ಆ ಶಿಬಿರ ಆಕೆಗೆ ತಲುಪುವುದಿಲ್ಲ. ಕುಟುಂಬದವರನ್ನು ಕರೆದರೂ, ಮೇಲಧಿಕಾರಿಗಳು ಎದುರು ಕುಳಿತ ಸಭೆಯಲ್ಲಿ ನನ್ನ ಗಂಡನಿಗೆ ನಿದ್ದೆಯಿಲ್ಲ, ಕುಡಿತ ಹೆಚ್ಚಾಗಿದೆ ಎಂದು ಹೇಳುವ ಧೈರ್ಯ ಯಾವ ಹೆಣ್ಣುಮಗಳಿಗೆ ಬಂದೀತು? ಮಾತು ಠಾಣೆಗೆ ಮುಟ್ಟಿದರೆ ಬಡ್ತಿಗೆ ಕುಂದು ಬಂದೀತೆಂಬ ಭಯ ಅವಳದು. ಹೀಗಾಗಿ ರಕ್ತ ಪರೀಕ್ಷೆಯಾಗುತ್ತದೆ, ಕಣ್ಣಿನ ಪರೀಕ್ಷೆಯಾಗುತ್ತದೆ. ಮನೆಯ ಪರೀಕ್ಷೆ ಉಳಿದುಹೋಗುತ್ತದೆ.

ಕುಟುಂಬದ ಸ್ವಾಸ್ಥ್ಯವೆಂದರೆ ಮೊದಲನೆಯದಾಗಿ ಸಮಯ. ಖಾತರಿಯಾದ ವಾರದ ರಜೆಗಿಂತ ದೊಡ್ಡ ಔಷಧವಿಲ್ಲ. ರಜೆ ಕೊಡದೆ ಯೋಗ ಕಲಿಸುವುದು ಹಸಿದವನಿಗೆ ಪಾಕಶಾಸ್ತ್ರ ಹೇಳಿದಂತೆ. ಎರಡನೆಯದು ಗುಟ್ಟು. ಆಪ್ತ ಸಲಹೆ ನೀಡುವವರು ಇಲಾಖೆಯ ಶ್ರೇಣಿಯ ಹೊರಗಿನವರಾಗಿರಬೇಕು. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು. ಮೂರನೆಯದು ಸ್ಥಳ. ನೆರವು ದೊರೆಯಬೇಕಾದದ್ದು ಕುಟುಂಬ ವಾಸಿಸುವ ಊರಿನಲ್ಲಿ. ನಾಲ್ಕನೆಯದು ಮರಳುವ ಕಾಲದ ಸಿದ್ಧತೆ. ವರ್ಷಗಟ್ಟಲೆ ದೂರವಿದ್ದವನು ಬಂದಾಗ, ಅವನಿಲ್ಲದೆ ಮನೆ ನಡೆಸಲು ಕಲಿತ ಹೆಂಡತಿಗೂ, ಆಜ್ಞೆಗೆ ಒಗ್ಗಿದ ಅವನಿಗೂ ಹೊಂದಾಣಿಕೆ ಒಂದು ದಿನದಲ್ಲಿ ಆಗದು. ತಂದೆಯನ್ನು ಅತಿಥಿಯಂತೆ ಕಂಡ ಮಗುವಿಗೂ ಕಾಲ ಬೇಕು. ಮೊದಲ ಕೆಲವು ವಾರಗಳಲ್ಲಿ ಅವರೊಡನೆ ಕುಳಿತು ಮಾತನಾಡಬಲ್ಲ ತಿಳಿವಳಿಕೆಯ ವ್ಯಕ್ತಿಯೊಬ್ಬರಿದ್ದರೆ ಎಷ್ಟೋ ಸಂಸಾರಗಳು ಬಿರುಕು ಬಿಡುವುದು ತಪ್ಪುತ್ತದೆ.

ನಮ್ಮ ಪಾಲಿನ ದಾಸೋಹ

ಇದೆಲ್ಲ ಇಲಾಖೆಯ ಹೊಣೆ, ನಮಗೇನು ಎಂದು ಕೆಲವರು ಕೇಳಬಹುದು. ಇನ್ನೂ ಕೆಲವರು, ಲಂಚ ತೆಗೆದುಕೊಳ್ಳುವ, ಬಡವರ ಮೇಲೆ ಲಾಠಿ ಬೀಸುವ ಪೊಲೀಸರಿಗೆ ಕನಿಕರವೇಕೆ ಎನ್ನಬಹುದು. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ರಾತ್ರಿ ನಿದ್ದೆಗೆಟ್ಟವನ ಕೈಯಲ್ಲಿರುವ ಲಾಠಿಗೂ, ಮನೆಯಲ್ಲಿ ಉಂಡು, ಮಲಗಿ, ಮಕ್ಕಳೊಡನೆ ನಕ್ಕು ಬಂದವನ ಕೈಯಲ್ಲಿರುವ ಲಾಠಿಗೂ ವ್ಯತ್ಯಾಸವಿದೆ. ಪೊಲೀಸರ ಮನೆ ನೆಟ್ಟಗಿದ್ದರೆ ಅದರ ಲಾಭ ಠಾಣೆಯ ಮೆಟ್ಟಿಲೇರುವ ಬಡವನಿಗೂ ಉಂಟು.

ನಾವು ಮಾಡಬಹುದಾದ ಮೊದಲ ಉಪಕಾರಕ್ಕೆ ಖರ್ಚಿಲ್ಲ. ನಮ್ಮ ಬಳಗದಲ್ಲಿ ಒಬ್ಬ ಪೊಲೀಸ್ ಇದ್ದಾನೆಂದರೆ ಅವನ ಮನೆಗೆ ನಾವು ಹೋಗುವುದು ಯಾವಾಗ? ಹೊಲದ ತಂಟೆಯಾದಾಗ, ಗಾಡಿ ಹಿಡಿದಾಗ, ಯಾರ ಮೇಲೋ ದೂರು ಕೊಡಬೇಕಾದಾಗ. ವಶೀಲಿಗಾಗಿ ಬಾಗಿಲು ತಟ್ಟುವ ನೆಂಟರು ಅವನ ಅರೆಗಳಿಗೆಯ ವಿರಾಮವನ್ನೂ ಕಸಿದುಕೊಳ್ಳುತ್ತಾರೆ, ಅವನ ಕಾಯಕದ ಶುದ್ಧಿಗೂ ಕುತ್ತು ತರುತ್ತಾರೆ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದ ಕಥೆ ನಮಗೆಲ್ಲ ಗೊತ್ತು. ಗಂಡನ ಕಾಯಕದ ಶುದ್ಧಿಯನ್ನು ಕಾದವರು ಆ ತಾಯಿ. ಇಂದಿನ ಪೊಲೀಸನ ಹೆಂಡತಿಯೂ ಅದೇ ಕಾವಲು ಕಾಯಬೇಕಾದರೆ, ನೆಂಟರಾದ ನಾವು ಅವಳ ಮನೆಗೆ ಶಿಫಾರಸಿನ ಚೀಲ ಹೊತ್ತು ಹೋಗಬಾರದು.

ಎರಡನೆಯದು ನಮ್ಮ ಅಕ್ಕನ ಬಳಗಗಳು ಮಾಡಬಹುದಾದ ಕೆಲಸ. ತಮ್ಮ ಊರಿನಲ್ಲಿ ಗಂಡನೋ ಮಗನೋ ದೂರದ ಠಾಣೆಯಲ್ಲಿರುವ ಮನೆಗಳು ಯಾವುವೆಂದು ಗುರುತಿಸಿ, ತಿಂಗಳಿಗೊಮ್ಮೆ ಇಬ್ಬರು ಹೋಗಿ ಬರಲಿ. ಹಾರ, ಶಾಲು, ಭಾಷಣ ಬೇಡ. ಮಾವನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಶಾಲೆಯ ಪಾಲಕರ ಸಭೆಗೆ ಜೊತೆಯಾಗುವುದು, ಪರೀಕ್ಷೆಯ ಕಾಲದಲ್ಲಿ ಮಗುವಿಗೆ ಗಣಿತ ಹೇಳಿಕೊಡುವುದು, ಇವು ಸಾಕು. ಮಠಗಳ ಶಿವಾನುಭವ ಗೋಷ್ಠಿಗಳಿಗೆ ವರ್ಷಕ್ಕೆ ಎರಡು ಸಲವಾದರೂ ಮನೋವೈದ್ಯರನ್ನು ಕರೆಸಿ, ಸಭೆಯ ನಂತರ ಬಯಸಿದವರು ಏಕಾಂತದಲ್ಲಿ ಮಾತನಾಡಲು ಒಂದು ಕೋಣೆಯನ್ನು ಬಿಟ್ಟುಕೊಡಲಿ. ಮಠದ ಬಾಗಿಲಿಗೆ ಹೋದವಳನ್ನು ಯಾರೂ ಏಕೆ ಹೋದೆ ಎಂದು ಕೇಳುವುದಿಲ್ಲ. ಮನೋವೈದ್ಯರ ಬಾಗಿಲಿಗೆ ಹೋಗಲು ನಾಚುವವರಿಗೆ ಇದು ದೊಡ್ಡ ಅನುಕೂಲ. ಇಲ್ಲಿ ಜಾತಿ ಕೇಳಬಾರದು. ಇವನಾರವನೆಂದು ಎಣಿಸದೆ ಎಲ್ಲರನ್ನೂ ನಮ್ಮವರೆನ್ನುವುದೇ ಶರಣಧರ್ಮವಾದ್ದರಿಂದ, ಯಾವ ಪೊಲೀಸರ ಮನೆಯವರಿಗೂ ಆ ಕೋಣೆ ತೆರೆದಿರಲಿ.

ಮೂರನೆಯ ಮಾತು ವಧೂವರರ ಹಿರಿಯರಿಗೆ. ಸರ್ಕಾರಿ ನೌಕರಿಯ ವರನೆಂದು ಸಂಬಳ, ಬಡ್ತಿ, ವಸತಿಗೃಹ ವಿಚಾರಿಸುತ್ತೇವೆ. ಹಬ್ಬಕ್ಕೆ ಅವನು ಬರಲಾರ, ಬಾಣಂತನದಲ್ಲಿ ಪಕ್ಕದಲ್ಲಿರಲಾರ ಎಂಬುದನ್ನು ಹುಡುಗಿಗೆ ತಿಳಿಹೇಳುವುದಿಲ್ಲ. ತಿಳಿದು ಒಪ್ಪಿದವಳು ಕಷ್ಟವನ್ನು ಹೊರಬಲ್ಲಳು. ತಿಳಿಯದೆ ಬಂದವಳು ತನ್ನನ್ನು ಕಡೆಗಣಿಸಿದರೆಂದೇ ಕೊರಗುತ್ತಾಳೆ. ಮದುವೆಗೆ ಮೊದಲೇ ಎರಡು ಮನೆಯವರು ಕುಳಿತು ಯಾರು ಯಾವಾಗ ಅವಳ ಜೊತೆಗಿರುವರೆಂದು ಮಾತಾಡಿಕೊಂಡರೆ ಅದೇ ಒಂದು ಆರೋಗ್ಯ ಯೋಜನೆ.

ಕೊನೆಯದು ಅತ್ಯಂತ ಕಠಿಣವಾದದ್ದು. ಕರ್ತವ್ಯದಲ್ಲಿ ಪ್ರಾಣ ಬಿಟ್ಟವನ ಮನೆಗೆ ಮೊದಲ ವಾರ ಮಂತ್ರಿಗಳು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ. ಮೂರನೆಯ ತಿಂಗಳು ಯಾರೂ ಬರುವುದಿಲ್ಲ. ಪಿಂಚಣಿಯ ಕಾಗದ, ಅನುಕಂಪದ ನೌಕರಿಯ ಅರ್ಜಿ, ಪರಿಹಾರದ ಹಣಕ್ಕೆ ಮನೆಯೊಳಗೇ ಏಳುವ ವ್ಯಾಜ್ಯ, ಇವು ಆಗ ಆರಂಭವಾಗುತ್ತವೆ. ಅಲ್ಲಿಗೆ ಹೋಗಬೇಕಾದವರು ನಾವು. ಒಂದು ವರ್ಷದವರೆಗೆ ತಪ್ಪದೆ ಹೋಗಬೇಕು. ಕಚೇರಿಗೆ ಜೊತೆಯಾಗಬೇಕು, ವಿಧವೆಯೆಂದು ಆಕೆಯನ್ನು ಮಂಗಲಕಾರ್ಯಗಳಿಂದ ದೂರವಿಡುವ ಮೌಢ್ಯ ನಮ್ಮ ಮನೆಗಳಲ್ಲಿ ಉಳಿದಿದ್ದರೆ ಅದನ್ನು ಕಿತ್ತೆಸೆಯಬೇಕು. ಲಿಂಗವಂತಳಿಗೆ ಅಮಂಗಲವೆಂಬುದಿಲ್ಲ.

ನಾರಾವಿಯ ಕಾಡಿನಲ್ಲಿ ಬಂದೂಕಿನ ಸದ್ದು ನಿಂತಿರುವುದು ಎಲ್ಲರಿಗೂ ಸಮಾಧಾನದ ಸಂಗತಿ. ಕುತ್ಲೂರಿನ ಮನೆಗಳಲ್ಲಿಯೂ, ಅಲ್ಲಿ ಮಳೆಯಲ್ಲಿ ನಿಂತಿದ್ದವರ ದೂರದ ಮನೆಗಳಲ್ಲಿಯೂ ಈ ಶಾಂತಿ ಬೇರೂರಬೇಕು. ಏಪ್ರಿಲ್ 2ರಂದು ಒಂದು ಧ್ವಜವನ್ನು ಕೊಳ್ಳೋಣ, ಅಕ್ಟೋಬರ್ 21ರಂದು ತಲೆಬಾಗೋಣ. ಆದರೆ ಆ ಎರಡು ದಿನಗಳಿಗಾಗಿ ಕಾಯದೆ, ಈ ವಾರವೇ ನಿಮ್ಮ ಓಣಿಯಲ್ಲಿರುವ ಪೊಲೀಸರ ಮನೆಗೆ ಯಾವ ಕೆಲಸವನ್ನೂ ಹೇಳದೆ ಒಮ್ಮೆ ಹೋಗಿಬನ್ನಿ. ಚಹಾ ಕುಡಿಯುತ್ತ ಮನೆಯವರ ಯೋಗಕ್ಷೇಮವನ್ನಷ್ಟೇ ವಿಚಾರಿಸಿ. ಅಲ್ಲಿ ಕೇಳಿದ ಮಾತನ್ನು ಅಲ್ಲಿಯೇ ಬಿಟ್ಟು ಬನ್ನಿ.